ಚಿನ್ನಿ ಇಟ್ಟ ಮೆತ್ತನೆ ಮೊಟ್ಟೆ

ಕುರ್ಲಾದ ಸಾಲುಮನೆಗಳ ಚಾಳಿನ ಹಿಂಬದಿ, ನೀರಿನ ಡ್ರಮ್ಮುಗಳ ಪಕ್ಕದಲ್ಲಿ ರಾಜೀವಿಯ ಪುಟ್ಟ ಕೋಳಿಗೂಡು. ಎಳೆ ಹೇಂಟೆ ಚಿನ್ನಿ ಮೊಟ್ಟೆಯಿಡಲು ಈಗಷ್ಟೇ ತೊಡಗಿತ್ತು. ಆ ಬೆಳಿಗ್ಗೆ ಗೂಡಿಗೆ ಕೈಹಾಕಿದ ರಾಜೀವಿಯ ಬೆರಳಿಗೆ ಏನೋ ಮೆತ್ತಗೆ ತಗುಲಿತು. ಹೊರಗೆ ತೆಗೆದು ನೋಡಿದರೆ ಮೊಟ್ಟೆಯೇ, ಆದರೆ ಚಿಪ್ಪಿಲ್ಲ. ನೀರು ತುಂಬಿದ ಬಲೂನಿನಂತೆ ಅಂಗೈಯಲ್ಲಿ ಅಲುಗಾಡಿತು.

ಮನೆಯೊಳಗೆ ಸೊಸೆ ಯಕ್ಷಿತಾ ತುಂಬು ಬಸುರಿ.

"ಇದು ಒಳ್ಳೆಯ ಸೂಚನೆ ಅಲ್ಲ ಮಾರಾಯ್ರೇ. ಬಸುರಿ ಇರುವ ಮನೆಯಲ್ಲಿ ಇಂಥ ಮೊಟ್ಟೆ ಎಂತಕ್ಕೆ ಬಂತು? ಆ ಕೋಳಿಯನ್ನು ಇವತ್ತೇ ಕೋಳಿ ಅಂಗಡಿಗೆ ಕೊಟ್ಟು ಬನ್ನಿ," ಎಂದು ಗಂಡ ಅಣ್ಣುವಿನ ಕಿವಿಯಲ್ಲಿ ಪಿಸುಗುಟ್ಟಿದಳು.

ಚಾಳಿನ ಮನೆಯಲ್ಲಿ ಪಿಸುಮಾತು ಎಲ್ಲಿ ಅಡಗೀತು? ಯಕ್ಷಿತಾ ತಿಂಡಿಯ ತಟ್ಟೆ ದೂರ ಸರಿಸಿದಳು. ಹೊಟ್ಟೆಯ ಮೇಲೆ ಕೈಯಿಟ್ಟು, "ಅತ್ತೆ, ಬೇಬಿಗೆ ಕುಛ್ ಆಗ್ತದಾ?" ಎಂದಳು.

ಅಣ್ಣು ಚಿನ್ನಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ನಲ್ಲಿಯ ಬಳಿ ಪಕ್ಕದ ಮನೆಯ ರಜಿಯಾ ಅಡ್ಡಗಟ್ಟಿದಳು. ಅವಳೂ ಕೋಳಿ ಸಾಕುವವಳು. ಪಶುವೈದ್ಯರನ್ನು ಕೇಳಿ ಕೇಳಿ ಕಲಿತವಳು.

"ಅಣ್ಣಾರ, ಕೋಳಿ ತಗೊಂಡು ಎಲ್ಲಿ ಹೊಂಟ್ರಿ?"

ವಿಷಯ ತಿಳಿದು ಹಣೆ ಬಡಿದುಕೊಂಡಳು. "ಇಷ್ಟಕ್ಕ ಪಾಪ ಅದನ್ನ ಕೊಯ್ಸಾಕ ಹೊಂಟೀರೇನು? ಎಳೀ ಕೋಳಿ ಮೊಟ್ಟಿ ಇಡಾಕ ಸುರು ಮಾಡಿದಾಗ ಹಿಂಗ ಆಗ್ತದ. ಒಂದು ಗೋಲಿಯಂಗ ಸಣ್ಣದು, ಒಂದಕ್ಕ ಎರಡು ಹಳದಿ, ಒಂದಕ್ಕ ಚಿಪ್ಪ ಇರೂದಿಲ್ಲ. ಸಯನ್ ಹೋಟೆಲಿನ್ಯಾಗ ದಿನಾ ದ್ವಾಸಿ ಹೊಯ್ಯಾವ್ರು ನೀವು. ಕಾವಲಿ ಮ್ಯಾಲಿನ ಮೊದಲನೇ ದ್ವಾಸಿ ಹೆಂಗ ಬರ್ತದ?"

"ಅಂಟಿಕೊಳ್ತದೆ."

"ಹಂಗಂತ ಕಾವಲಿ ಗುಜರಿಗೆ ಹಾಕ್ತೀರೇನು?"

ಅಣ್ಣು ನಕ್ಕುಬಿಟ್ಟ. ಬಾಗಿಲಲ್ಲಿ ನಿಂತಿದ್ದ ರಾಜೀವಿ ನಗಲಿಲ್ಲ. "ನಿನಗೆಂತ ರಜಿಯಾ, ಹೇಳುವುದು ಸುಲಭ. ನನ್ನ ಸೊಸೆಯ ಹೊಟ್ಟೆಯ ವಿಷಯ ಇದು."

"ಕೋಳಿ ಹೊಟ್ಟಿ ಬ್ಯಾರೆ, ಸೊಸಿ ಹೊಟ್ಟಿ ಬ್ಯಾರೆ ಅಕ್ಕ. ಮೊನ್ನೆ ಚೆಕಪ್‌ನ್ಯಾಗ ಡಾಕ್ಟರು ಏನಂದ್ರು?"

"ಮಗು ಚೆನ್ನಾಗಿದೆ ಅಂದ್ರು."

"ಡಾಕ್ಟರ್ ಮಾತು ಬಿಟ್ಟು ಕೋಳಿ ಮಾತು ಕೇಳ್ತೀರಲ್ಲ!"

ಒಳಗಿನಿಂದ ಯಕ್ಷಿತಾಳ ನಗು ಕೇಳಿಸಿತು. ರಾಜೀವಿಯ ದನಿ ಇಳಿಯಿತು.

"ಅದಕ್ಕ ತಿನ್ನಾಕ ಏನ್ ಹಾಕ್ತೀರಿ?" ಎಂದಳು ರಜಿಯಾ.

"ಇವರು ಹೋಟೆಲಿನಿಂದ ತರುವ ಇಡ್ಲಿ, ಅನ್ನ."

"ಬರೇ ಇಡ್ಲಿ! ಮತ್ತ ಮೊಟ್ಟಿನೂ ಇಡ್ಲಿಯಂಗ ಮೆತ್ತಗ ಬರ್ತದ. ಚಿಪ್ಪಿಗೆ ಸುಣ್ಣದ ಅಂಶ ಬೇಕಲ್ರಿ."

"ಹಾಗಾದರೆ ವೀಳ್ಯಕ್ಕೆ ಹಚ್ಚುವ ಸುಣ್ಣ ಕಲಸಿ ಕೊಡುವುದಾ?"

"ಅಯ್ಯ ಬ್ಯಾಡ್ರಿ, ಅದರ ಬಾಯಿ ಸುಡ್ತದ! ಭಾನುವಾರ ಮರುವಾಯಿ ಸಾರು, ಅದ ಕಪ್ಪೆಚಿಪ್ಪಿನ ಸಾರು, ಮಾಡಿ ಚಿಪ್ಪು ಎಲ್ಲಿ ಒಗಿತೀರಿ?"

"ಕಸದ ಡಬ್ಬಿಗೆ."

"ಬಂಗಾರ ಒಗದ್ಹಂಗಾತು. ತೊಳೆದು, ಒಣಗಿಸಿ, ಸಣ್ಣಗ ಕುಟ್ಟಿ ಬ್ಯಾರೆ ಬಟ್ಟಲದಾಗ ಇಡ್ರಿ. ಬೇಕಾದಷ್ಟು ಅದ ತಿಂತದ. ಮೊಟ್ಟಿ ಕೋಳಿಗಂತನ ಮಾಡಿದ ಆಹಾರ ಅಂಗಡ್ಯಾಗ ಸಿಗ್ತದ, ಅದನ್ನ ಮುಖ್ಯ ಊಟಾ ಮಾಡ್ರಿ. ಇಡ್ಲಿ ಅಪರೂಪಕ್ಕ ಸಾಕು. ನೆರಳು ಇರಲಿ, ತಣ್ಣನ ನೀರು ಇರಲಿ. ಮತ್ತ ಆ ಮೆತ್ತನ ಮೊಟ್ಟಿ ಯಾರೂ ತಿನ್ನಬ್ಯಾಡ್ರಿ. ಒಗದು, ಸಾಬೂನಿಂದ ಕೈ ತೊಳಕೋರಿ."

ರಾಜೀವಿ ಗಂಡನ ಕೈಯ ಚೀಲದ ಬಾಯಿ ಬಿಚ್ಚಿದಳು. ಚಿನ್ನಿ ಚೀಲದಿಂದ ಇಳಿದು, ರೆಕ್ಕೆ ಕೊಡವಿ, ಏನೂ ಆಗದ ಹಾಗೆ ನಡೆದುಹೋಯಿತು.

ಮುಂದಿನ ಮೊಟ್ಟೆಯೂ ತೆಳುವಾಗಿಯೇ ಬಂದು ಒಡೆಯಿತು. ರಾಜೀವಿಗೆ ಮತ್ತೆ ಅಳುಕು. ಆದರೆ ಚೀಲದ ಮಾತೆತ್ತಲಿಲ್ಲ. ಚಿಪ್ಪಿನ ಬಟ್ಟಲು ತುಂಬಿಸಿದಳು. ಕೆಲವು ದಿನ ಕಳೆದ ಮೇಲೆ ಗೂಡಿನ ಬಳಿಯಿಂದ ಯಕ್ಷಿತಾ ಕೂಗಿದಳು: "ಅತ್ತೆ, ಇದು ಹಾರ್ಡ್ ಇದೆ!"

ರಾಜೀವಿ ಉಗುರಿನಿಂದ ಟಕಟಕ ತಟ್ಟಿ ನೋಡಿದಳು. ಚೆನ್ನಾಗಿ ಬೇಯಿಸಿ, ಸುಲಿದು, ಸೊಸೆಯ ಕೈಗಿಟ್ಟಳು. "ತಿನ್ನು ಮಗಾ. ಅವತ್ತು ನಾನು ಸುಮ್ಮನೆ ನಿನ್ನನ್ನು ಹೆದರಿಸಿದೆ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಎಳೆ ಕೋಳಿಯೂ ವಿಚಿತ್ರ ಮೊಟ್ಟೆಯಿಟ್ಟರೆ ಅಪಶಕುನವೆಂದು ಹೆದರಬೇಡಿ, ಮನೆಯ ಹೆಣ್ಣುಮಕ್ಕಳನ್ನು ಹೆದರಿಸಬೇಡಿ. ಮೊದಲು ಅದರ ಬಟ್ಟಲಲ್ಲಿ ಏನಿದೆ ನೋಡಿ. ಸರಿಯಾದ ಆಹಾರ ಕೊಟ್ಟೂ ಕೆಲವು ವಾರ ಹೀಗೇ ಮುಂದುವರಿದರೆ ಪಶುವೈದ್ಯರನ್ನು ಕೇಳಿ. ಕೋಳಿ ಮಂಕಾಗಿ ಕೂತರೆ, ಮೊಟ್ಟೆಯಿಡಲು ತಿಣುಕಿದರೆ ಕಾಯಬೇಡಿ, ಅಂದೇ ತೋರಿಸಿ. ಬಸುರಿಯ ಬಗ್ಗೆ ಚಿಂತೆಯಾದರೆ ಅವಳ ಡಾಕ್ಟರನ್ನು ಕೇಳಿ, ಕೋಳಿಯನ್ನಲ್ಲ.