ರಟ್ಟಿನ ಕೀಲಿಮಣೆ

ಪಾರಿಶ್ವಾಡದ ಆಚೆಯ ಆ ಸರಕಾರಿ ಶಾಲೆಗೆ ನಾಲ್ಕು ಕಂಪ್ಯೂಟರ್ ಬಂದು ವರ್ಷವಾಗಿತ್ತು. ಎಲ್ಲಿ ಕೆಟ್ಟುಹೋಗುತ್ತವೋ ಎಂಬ ಅಂಜಿಕೆಯಿಂದ ಶಿಕ್ಷಕಿ ಪ್ರಮಿಳಾ ಮಕ್ಕಳಿಗೆ ಅವನ್ನು ಮುಟ್ಟಗೊಟ್ಟಿರಲಿಲ್ಲ. ರಟ್ಟಿನ ಮೇಲೆ ಕೀಲಿಮಣೆ ಬರೆದು, ಅದರಲ್ಲೇ ಅಭ್ಯಾಸ ಮಾಡಿಸಿದ್ದಳು.

ಇವತ್ತು ಬೆಳಗಾವಿಯಿಂದ ಅಧಿಕಾರಿ ಈರಯ್ಯ ಬಂದಿದ್ದರು. ಮಕ್ಕಳಿಗೆ ಬಳಸಲು ಬಾರದಿದ್ದರೆ ಕಂಪ್ಯೂಟರುಗಳು ಬೇರೆ ಶಾಲೆಯ ಪಾಲಾಗುತ್ತಿದ್ದವು.

"ನಿನ್ನ ಹೆಸರ ಹೊಡಿಯವಾ," ಎಂದು ಅವರು, ಹಚ್ಚಿಟ್ಟಿದ್ದ ಒಂದೇ ಕಂಪ್ಯೂಟರಿನ ಮುಂದೆ ಕೂತಿದ್ದ ಆರನೆಯ ತರಗತಿಯ ಭಾಗ್ಯಶ್ರೀಗೆ ಹೇಳಿದರು.

ಹುಡುಗಿಯ ಬೆರಳುಗಳು ಒಂದೂ ತಪ್ಪದೆ ಅಕ್ಷರದಿಂದ ಅಕ್ಷರಕ್ಕೆ ಸರಿದವು. ಪರದೆ ಮಾತ್ರ ಖಾಲಿಯೇ ಉಳಿಯಿತು.

"ಅಕ್ಕೋರ, ನಿಮ್ಮ ಕಂಪ್ಯೂಟರ್ ಇವತ್ತ ಮೌನವ್ರತ ಹಿಡದೈತೇನ್ರಿ?" ಎಂದು ಈರಯ್ಯ ಶಿಕ್ಷಕಿಯನ್ನು ಕೇಳಿದರು.

ಪ್ರಮಿಳಾ ಹುಡುಗಿಯ ಹತ್ತಿರ ಬಂದಳು. ಬಗ್ಗಿ ನೋಡಿದಾಗ ತಿಳಿಯಿತು, ಹುಡುಗಿ ರಟ್ಟನ್ನು ಮುಟ್ಟಿದಂತೆ ಕೀಲಿಗಳನ್ನು ಬರೀ ಸವರುತ್ತಿದ್ದಳು.

"ಒತ್ತಬೇಕವಾ."

"ಮುರದ್ರ ಹೆಂಗ್ರಿ ಅಕ್ಕೋರ?"

ತನ್ನದೇ ಅಂಜಿಕೆ ಆ ಸಣ್ಣ ಬಾಯಲ್ಲಿ ಕೇಳಿ ಪ್ರಮಿಳಾಗೆ ನಾಚಿಕೆಯಾಯಿತು. "ಮುರದ್ರ ಮುರೀಲಿ. ನಾ ಅದೀನಿ. ಒತ್ತು."

ಟಕ್ಕೆಂದಿತು. ಒಂದರ ಹಿಂದೊಂದು ಅಕ್ಷರ ಮೂಡಿ ಹೆಸರು ಪೂರ್ತಿಯಾಯಿತು. ಹುಡುಗಿ ಅಲ್ಲಿಗೆ ನಿಲ್ಲಿಸದೆ ಅವ್ವನ ಹೆಸರು, ಊರಿನ ಹೆಸರು ಎಲ್ಲ ಹೊಡೆಯುತ್ತಲೇ ಹೋದಳು.

ಈರಯ್ಯ ನಕ್ಕರು. "ಇವು ಎಲ್ಲಿಗೂ ಹೋಗಂಗಿಲ್ರಿ ಅಕ್ಕೋರ. ಉಳದ ಮೂರೂ ಹಚ್ರಿ, ಹುಡುಗ್ರು ಕಾಯಾಕತ್ತಾರ."