ಎರವಲು ಕೃತಜ್ಞತೆ

ಕಾಲೇಜಿನ ಗ್ರಂಥಾಲಯದಲ್ಲಿ ನನ್ನದು ಮೆಟ್ಟಿಲ ಕೆಳಗಿನ ಗಾಜಿನ ಕೋಣೆ. ವಿದ್ಯಾರ್ಥಿಗಳು ಸಂಶೋಧನಾ ಪ್ರಬಂಧ ಸಲ್ಲಿಸುವ ಮೊದಲು ಅದರ ಪ್ರತಿ ನನ್ನ ಕಂಪ್ಯೂಟರಿಗೆ ಬರಬೇಕು. ಅದು ಒಂದೊಂದು ವಾಕ್ಯವನ್ನೂ ಬೇರೆಯವರು ಬರೆದದ್ದರ ಪಕ್ಕದಲ್ಲಿಟ್ಟು ನೋಡಿ, ಯಾರದೋ ಮಾತು ಹೇಳದೆ ಕೇಳದೆ ಒಳಗೆ ನುಸುಳಿದ್ದರೆ ಅಲ್ಲಿ ಕೆಂಪು ಬಳಿಯುತ್ತದೆ. ಕೆಂಪು ಹೆಚ್ಚಾದರೆ ಪ್ರಬಂಧ ವಾಪಸ್. ಹೀಗಾಗಿ ಸಲ್ಲಿಕೆಯ ತಿಂಗಳು ಬಂತೆಂದರೆ ನನ್ನನ್ನು ಕಂಡವರು ದಾರಿ ಬದಲಿಸುತ್ತಾರೆ. ಬೆನ್ನ ಹಿಂದೆ ನನಗಿಟ್ಟಿರುವ ಹೆಸರು ಕೆಂಪಕ್ಕ. ಊಟದ ಕೋಣೆಯಲ್ಲಿ ನಾನು ಡಬ್ಬಿ ಬಿಚ್ಚಿದರೆ ಎದುರಿನ ಬೆಂಚು ಮೆಲ್ಲಗೆ ಖಾಲಿಯಾಗುತ್ತದೆ. ಮೊದಮೊದಲು ಬೇಗಬೇಗ ಉಂಡು ಎದ್ದುಬಿಡುತ್ತಿದ್ದೆ. ಈಗ ಡಬ್ಬಿಯ ಮುಚ್ಚಳವನ್ನು ಎದುರಿನ ಜಾಗದಲ್ಲೇ ಇಟ್ಟುಕೊಂಡು ಕೂರುತ್ತೇನೆ.

ನನಗೆ ಹೆದರದವಳು ಒಬ್ಬಳೇ. ಅವಳನ್ನು ತರಗತಿಯವರು ‘ಅಡಿಟಿಪ್ಪಣಿ’ ಎಂದು ಕರೆಯುತ್ತಿದ್ದರು. ವರ್ಷದ ಮೊದಲಲ್ಲಿ ಹೊಸಬರಿಗೆಲ್ಲ ನಾನೇ ಪಾಠ ಮಾಡುತ್ತೇನೆ: ಬೇರೆಯವರ ಮಾತನ್ನು ಇದ್ದಂತೆ ತೆಗೆದುಕೊಂಡರೆ ಉಲ್ಲೇಖ ಚಿಹ್ನೆಯೊಳಗಿಡಿ, ನಿಮ್ಮ ಮಾತಲ್ಲಿ ಹೇಳಿದರೂ ಯಾರ ಯೋಚನೆ ಎಂಬುದನ್ನು ತಿಳಿಸಿ, ಓದದ ಪುಸ್ತಕವನ್ನು ಓದಿದಂತೆ ಪಟ್ಟಿಗೆ ಸೇರಿಸಬೇಡಿ. ಬೇರೆಯವರು ಆಕಳಿಸುವಾಗ ಇವಳು ಒಂದಕ್ಷರ ಬಿಡದೆ ಬರೆದುಕೊಂಡಳು. ಬರೆದುಕೊಂಡದ್ದನ್ನು ಬದುಕಿಗೂ ಹಚ್ಚಿಕೊಂಡಳು. ಮಾತಿನ ನಡುವೆಯೂ “ಇದು ನಾನು ಹೇಳ್ತಿರೋದಲ್ಲ, ಹಾಸ್ಟೆಲ್ ವಾರ್ಡನ್ ಹೇಳಿದ್ದು” ಅನ್ನುವಳು. ಹುಡುಗರಿಗೆ ಅಷ್ಟು ಸಾಕಾಯಿತು. ಅವಳು “ಮೋಡ ಕಟ್ಟಿದೆ” ಅಂದರೆ ಹಿಂದಿನಿಂದ ಒಬ್ಬ, “ಯಾರು ಹೇಳಿದ್ದು? ಪುಟ ಎಷ್ಟು?” ಎಂದು ಕೂಗುವನು. ಅವಳೂ ನಗುತ್ತಿದ್ದಳು. ಎಲ್ಲರೂ ನಕ್ಕು ಮುಗಿಸಿ ಜೊತೆಜೊತೆಯಾಗಿ ಹೊರಟ ಮೇಲೆ ಚೀಲದ ಜಿಪ್ಪು ಎಳೆದುಕೊಂಡು ಕೊನೆಯಲ್ಲಿ ಹೋಗುತ್ತಿದ್ದಳು.

ಅವಳ ಪ್ರಬಂಧ ಬಸ್ ನಿಲ್ದಾಣಗಳ ಮೇಲೆ. ಕಾಯುವ ಜನ ಎಲ್ಲಿ ಕೂರುತ್ತಾರೆ, ಗುರುತಿಲ್ಲದವರ ಪಕ್ಕದಲ್ಲಿ ಎಷ್ಟು ಜಾಗ ಬಿಡುತ್ತಾರೆ, ಬೆಂಚಿನ ನಡುವೆ ಕೈ ಇಡುವ ಕಬ್ಬಿಣದ ಕಂಬಿ ಇದ್ದರೆ ಏನಾಗುತ್ತದೆ ಎಂಬುದನ್ನು ಎರಡು ವರ್ಷ ಕೂತು ನೋಡಿ ಬರೆದಿದ್ದಳು. ಅವಳು ಪ್ರತಿ ತಂದುಕೊಟ್ಟ ದಿನ ನನಗೆ ನಿಶ್ಚಿಂತೆ. ಬೇರೆ ಯಾರದ್ದು ಹೇಗೋ, ಇವಳದ್ದು ಹಾಲಿನಷ್ಟು ಬಿಳಿ ಎಂದು ಮೊದಲೇ ಗೊತ್ತಿತ್ತು.

ಪರೀಕ್ಷೆಗೆ ಹಾಕುವ ಮೊದಲು ಒಂದು ಚಿಕ್ಕ ಚೌಕದಲ್ಲಿ ಗುರುತು ಹಾಕಬೇಕು. ಹಾಕಿದರೆ ಮುಖಪುಟ, ಪ್ರಮಾಣಪತ್ರ, ಕೃತಜ್ಞತೆಯ ಪುಟ ಇವನ್ನು ಕಂಪ್ಯೂಟರು ಬಿಟ್ಟುಬಿಡುತ್ತದೆ. ಆ ಪುಟಗಳು ಎಲ್ಲರವೂ ಒಂದೇ ತರಹ, ಅವನ್ನು ಹೋಲಿಸಿ ಪ್ರಯೋಜನವಿಲ್ಲ. ನಾನು ಆ ಚೌಕದ ಹತ್ತಿರ ಬಂದಾಗಲೇ ಮಗಳ ಶಾಲೆಯಿಂದ ಫೋನು. ಮಗು ಎರಡು ಸಲ ವಾಂತಿ ಮಾಡಿಕೊಂಡಿದೆ, ಮೈ ಸುಡುತ್ತಿದೆ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಚೀಲ, ಯಾವ ಕೈಯಲ್ಲಿ ಗುಂಡಿ ಒತ್ತಿದೆನೋ ದೇವರಿಗೇ ಗೊತ್ತು. ಮಗಳನ್ನು ಮನೆ ಮುಟ್ಟಿಸಿ, ಅತ್ತೆಯ ಕೈಗೊಪ್ಪಿಸಿ, ಹಣೆಗೆ ಒದ್ದೆಬಟ್ಟೆ ಹಾಕಿ, ಮಧ್ಯಾಹ್ನದ ಮೇಲೆ ವಾಪಸಾದೆ.

ಬಂದು ನೋಡಿದರೆ ಪ್ರಬಂಧದುದ್ದಕ್ಕೂ ಬಿಳಿ. ಕೃತಜ್ಞತೆಯ ಪುಟ ಮಾತ್ರ ತಲೆಯಿಂದ ಕಾಲಿನವರೆಗೆ ಕೆಂಪು. ಚೌಕಕ್ಕೆ ಗುರುತು ಹಾಕಲು ಮರೆತಿದ್ದೆ.

“ನಾನು ಅತ್ತಾಗ ನಗಿಸಿದ ತಮ್ಮನಿಗೆ, ಬೆಳಗಿನ ಚಳಿಯಲ್ಲಿ ಎದ್ದು ಕಾಫಿ ಮಾಡಿಕೊಟ್ಟ ಅಪ್ಪನಿಗೆ, ಮೊಣಕಾಲುದ್ದ ನೀರಲ್ಲಿ ನನ್ನೊಡನೆ ಬಲೆ ಹಿಡಿದು ನಿಂತ ಗೆಳತಿಯರಿಗೆ...” ಇದು ಯಾವುದೋ ಬೇರೆ ಕಾಲೇಜಿನ ಹುಡುಗಿ ಮೀನುಗಳ ಮೇಲೆ ಬರೆದ ಪ್ರಬಂಧದ ಪುಟ. ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ.

ನಾನು ಆ ವರದಿಯನ್ನು ಅಳಿಸಿ ಪರೀಕ್ಷೆಯನ್ನು ಮತ್ತೆ ಓಡಿಸೋಣ ಅಂದುಕೊಳ್ಳುವಷ್ಟರಲ್ಲಿ ಅವಳ ಮಾರ್ಗದರ್ಶಕರಾದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ವರದಿ ಸಿದ್ಧವಾದೊಡನೆ ಅವರಿಗೂ ಒಂದು ಪ್ರತಿ ತಾನಾಗಿಯೇ ಹೋಗುತ್ತದೆ.

“ಏನ್ರೀ ಇದು, ಬಸ್ ಸ್ಟಾಪಲ್ಲಿ ಬಲೆ ಹಾಕಿ ಏನು ಹಿಡಿದಳಂತೆ? ಕಂಡಕ್ಟರನ್ನಾ?”

“ಸರ್, ತಪ್ಪು ನನ್ನದು. ಆ ಪುಟ ಬಿಡಬೇಕಿತ್ತು. ಪ್ರಬಂಧ ಚೊಕ್ಕವಾಗಿದೆ, ನೋಡಿ.”

“ಚೊಕ್ಕ ಇರಬಹುದು. ಆದ್ರೆ ನನ್ನ ಕಣ್ಣಿಗೆ ಬಿತ್ತಲ್ಲ. ನಾಳೆ ಯಾರಾದ್ರೂ ಹೊರಗಿನ ಪರೀಕ್ಷಕರು ಇದನ್ನ ಹಿಡಿದ್ರೆ? ಥ್ಯಾಂಕ್ಸ್ ಕದ್ದವಳು ಇನ್ನೇನು ಕದ್ದಿರಬಹುದು ಅಂತ ಎಲ್ಲ ಅಧ್ಯಾಯ ಕೆದಕ್ತಾರೆ. ಶಿಸ್ತು ಸಮಿತಿಗೆ ಹೋಯ್ತು ಅಂದ್ರೆ ಅವಳಿಗೆ ಒಂದು ವರ್ಷ ಹೋಯ್ತು.” ಹಣೆ ಮೇಲಿದ್ದ ಕನ್ನಡಕ ಇಳಿಸಿ ಮತ್ತೊಮ್ಮೆ ಓದಿದರು. “ನಾಳೆ ಮಧ್ಯಾಹ್ನದೊಳಗೆ ಸ್ವಂತದ್ದು ಬರ್ಕೊಂಡು ಬರ್ಲಿ. ಒಂದು ಪುಟ ತಾನೆ? ನಾಲ್ಕು ಜನರ ಹೆಸರು ಬರೆಯೋಕೆ ಏನು ಕಷ್ಟ?”

“ಆ ಪುಟ ಇಲ್ಲದೇನೇ ಕೊಟ್ರೆ?”

“ಆಫೀಸಿನವನು ಪುಟ ಎಣಿಸ್ತಾನ್ರೀ. ಇಲ್ಲ ಅಂದ್ರೆ ಫೈಲೇ ಮುಟ್ಟಲ್ಲ, ಪುಣ್ಯಾತ್ಮ.”

ಸಂಜೆ ಅಡಿಟಿಪ್ಪಣಿಯನ್ನು ಕರೆಸಿದೆ. ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅವಳು ಕೆಂಪನ್ನು ನೋಡಿ ಗಾಬರಿಯಾಗಲಿಲ್ಲ. ಕಿವಿಗಳು ಮಾತ್ರ ಕೆಂಪಾದವು.

“ಬಲೆನಾದ್ರೂ ತೆಗೀಬಾರದಿತ್ತೇನೆ?” ಎಂದೆ. ಬೈಯಬೇಕು ಅಂದುಕೊಂಡಿದ್ದೆ, ಬಾಯಿಗೆ ಬಂದದ್ದು ಅದು.

“ತೆಗೆದು ಅಲ್ಲಿ ಬೆಂಚು ಅಂತ ಹಾಕಿದ್ರೆ ನಂದು ಅಂತ ತೋರಿಸ್ಕೊಂಡ ಹಾಗೆ ಆಗುತ್ತಲ್ವಾ ಮೇಡಂ? ಅದು ಇನ್ನೂ ದೊಡ್ಡ ಕಳ್ಳತನ. ನೀವೇ ಹೇಳಿದ್ದು.”

“ಹೌದಪ್ಪ, ನಾನೇ ಹೇಳಿದ್ದು. ಹಾಗಿದ್ರೆ ಉಲ್ಲೇಖ ಚಿಹ್ನೆ ಹಾಕ್ಬೇಕು ಅಂತಾನೂ ಹೇಳಿದ್ದೆ.”

“ಹಾಕಿದ್ದೆ. ಕೆಳಗೆ ಅವಳ ಹೆಸರು, ಕಾಲೇಜು, ಪುಟ ಸಂಖ್ಯೆ ಎಲ್ಲ ಬರೆದಿದ್ದೆ.” ಅವಳು ಮೇಜಿನ ಅಂಚನ್ನು ಉಗುರಲ್ಲಿ ಕೆರೆಯುತ್ತಿದ್ದಳು. “ಆಮೇಲೆ ಓದಿ ನೋಡಿದೆ. ಅಪ್ಪನಿಗೆ ಥ್ಯಾಂಕ್ಸ್ ಅಂತ ಹೇಳಿ ಕೆಳಗೆ ಅಡಿಟಿಪ್ಪಣಿ. ಎಲ್ಲರೂ ನಗ್ತಾರೆ ಅನ್ನಿಸ್ತು. ಅಳಿಸಿಬಿಟ್ಟೆ.”

“ನಿನ್ನವರಿಗೆ ನೀನೇ ಬರೆಯೋಕೆ ಏನು ಧಾಡಿ?”

“ಯಾರಿಗೆ ಬರೀಲಿ?”

ಈ ಪ್ರಶ್ನೆಯನ್ನು ಅವಳು ದುಃಖದಿಂದ ಕೇಳಲಿಲ್ಲ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಕೇಳುವ ದನಿಯಲ್ಲಿ ಕೇಳಿದಳು. ಅಮ್ಮ ಹೋದದ್ದು ಇವಳಿಗೆ ನೆನಪಿಲ್ಲದ ವಯಸ್ಸಿನಲ್ಲಿ. ಅಪ್ಪ ಇನ್ನೊಂದು ಸಂಸಾರ ಕಟ್ಟಿಕೊಂಡು ಇತ್ತ ತಲೆ ಹಾಕಿಲ್ಲ. ಚಿಕ್ಕಪ್ಪನ ಮನೆಯಲ್ಲಿ ಬೆಳೆದಳು. ಅವರು ಹೊಡೆದವರಲ್ಲ, ಉಪವಾಸ ಕೆಡವಿದವರೂ ಅಲ್ಲ. ಹಾಸ್ಟೆಲಿಗೆ ಹೊರಟ ದಿನವೇ ಅವಳ ಮಂಚ ಎತ್ತಿ ಆ ಜಾಗದಲ್ಲಿ ಹೊಲಿಗೆ ಯಂತ್ರ ಇಟ್ಟರಂತೆ, ಅಷ್ಟೇ.

“ಚಿಕ್ಕಪ್ಪನಿಗೇ ಬರಿ ಮತ್ತೆ.”

“ನಾನು ಯಾವ ವಿಷಯದ ಮೇಲೆ ಬರೀತಿದೀನಿ ಅಂತ ಅವರಿಗೆ ಗೊತ್ತಿಲ್ಲ ಮೇಡಂ. ಓದದ ಪುಸ್ತಕ ಪಟ್ಟಿಗೆ ಸೇರಿಸಿದ ಹಾಗೆ ಆಗುತ್ತೆ.”

ನನ್ನ ಪಾಠ ನನಗೇ ತಿರುಗುಬಾಣವಾಯಿತು. ನಾನು ಹಾಳೆ, ಪೆನ್ಸಿಲ್ ತೆಗೆದು ಅವಳ ಮುಂದಿಟ್ಟೆ. ತಾಯಿಯಾದವಳ ಕೈ ಸುಮ್ಮನಿರುತ್ತದೆಯೇ? ಮಗಳ ಶಾಲೆಯ ಕೆಲಸವನ್ನೂ ಹೀಗೇ ಎಷ್ಟೋ ಸಲ ಅರ್ಧ ಮಾಡಿಕೊಟ್ಟು ಆಮೇಲೆ ಪೇಚಾಡಿದವಳು ನಾನು. “ಹೀಗೆ ಶುರು ಮಾಡು. ಈ ದಾರಿಯಲ್ಲಿ ನನ್ನ ಕೈ ಹಿಡಿದ ಎಲ್ಲರಿಗೂ...” ಅವಳು ವಿಧೇಯಳಾಗಿ ಬರೆದುಕೊಂಡಳು. ಇನ್ನೆರಡು ಸಾಲು ಹೇಳಿದೆ. ಬರೆದಳು. ಆಮೇಲೆ ನಿಲ್ಲಿಸಿ ಹಾಳೆಯನ್ನು ನನ್ನ ಕಡೆ ಸರಿಸಿದಳು.

“ಇದು ನಿಮ್ಮದು ಮೇಡಂ.”

“ನನ್ನದೇ ಆದ್ರೇನಂತೆ? ಕೊಟ್ಟಿದ್ದೀನಿ, ಇಟ್ಕೋ. ನಾನೇನು ಕೇಸು ಹಾಕಲ್ಲ.”

“ಕಂಪ್ಯೂಟರ್ ಹಿಡಿಯಲ್ಲ, ಗೊತ್ತು.” ಅವಳು ಸ್ವಲ್ಪ ನಕ್ಕಳು. “ಆದ್ರೆ ಯಾರ ಕೈ?”

ಅವಳು ಹೋದ ಮೇಲೆ ಆ ಹಾಳೆ ಮೇಜಿನ ಮೇಲೆಯೇ ಉಳಿಯಿತು. ನನ್ನ ಅಕ್ಷರಗಳಲ್ಲದ ಅಕ್ಷರಗಳಲ್ಲಿ ನನ್ನ ವಾಕ್ಯಗಳು. ಓದಿದರೆ ಯಾರಿಗೂ ಸೇರದವು ಅನ್ನಿಸಿತು. ಹರಿದು ಬುಟ್ಟಿಗೆ ಹಾಕಿದೆ.

ಮನೆಯಲ್ಲಿ ಮಗಳ ಜ್ವರ ಇಳಿದಿತ್ತು. ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಅಜ್ಜಿಯ ಹತ್ತಿರ ಕತೆ ಹೇಳಿಸಿಕೊಳ್ಳುತ್ತಿದ್ದಳು. ತರಕಾರಿ ಹೆಚ್ಚುತ್ತಾ ಅತ್ತೆಗೆ ಈ ಹುಡುಗಿಯ ವಿಷಯ ಹೇಳಿದೆ. ಅತ್ತೆ ತುಟಿ ಕೊಂಕಿಸಿದರು.

“ಅಯ್ಯೋ, ಈ ಮನೆಗೆ ಬಂದಾಗಿಂದ ಬೇಯಿಸಿ ಹಾಕಿದೀನಿ. ಯಾವ ನನ್ಮಗ ನನಗೆ ಥ್ಯಾಂಕ್ಸ್ ಅಂದಿದ್ದಾನೆ? ನಾನೇನು ಸತ್ತು ಹೋದ್ನಾ?”

“ಯಾವ ನನ್ಮಗ ಅಂದ್ರೆ ನಿಮ್ಮ ಮಗನೇ ಅತ್ತೆ.”

“ಅವನನ್ನೇ ಹೇಳ್ತಿರೋದು. ತಿಂಗಳಿಗೊಂದು ಸಲ ನೆಂಟನ ಹಾಗೆ ಬರ್ತಾನೆ, ಉಂಡ ತಟ್ಟೆಯಲ್ಲೇ ಕೈ ತೊಳೀತಾನೆ.” ಮೊಮ್ಮಗಳ ಬಾಯಿ ಒರೆಸಿದರು. “ಅಲ್ಲ ಕಣೆ, ನನಗೆ ಯಾರೂ ಹೇಳ್ಲಿಲ್ಲ, ಅದು ಬೇರೆ. ಇವಳಿಗೆ ಹೇಳೋಕೇ ಯಾರೂ ಇಲ್ಲ ಅಂತೀಯ. ಅದು ಕಷ್ಟ. ಅದು ಕಷ್ಟ ಕಣೆ.”

ಮಗಳು, “ಅಮ್ಮ, ಅವಳು ನನಗೆ ಥ್ಯಾಂಕ್ಸ್ ಹೇಳಬಹುದು. ನಂಗೆ ಜ್ವರ ಬಂದಿದ್ದಕ್ಕೇ ತಾನೆ ಸಿಕ್ಕಿಬಿದ್ದಿದ್ದು?” ಅಂದಳು. ಅತ್ತೆ ಅವಳ ತಲೆಗೆ ಮೊಟಕಿದರು. ನಾನು ಈರುಳ್ಳಿಯ ನೆವದಲ್ಲಿ ಕಣ್ಣೊರೆಸಿಕೊಂಡೆ.

ಮರುದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಮೇಷ್ಟ್ರೂ ಬಂದರು, ಒಂದು ಕಾಲು ಹೊರಗೇ ಇಟ್ಟುಕೊಂಡು ನಿಂತರು. ಅವಳು ಒಂದು ಹಾಳೆ ಕೊಟ್ಟಳು. ಮೇಲೆ ಕೃತಜ್ಞತೆ ಎಂಬ ತಲೆಬರಹ, ಕೆಳಗೆ ಕೆಲವೇ ಸಾಲು. ಪುಟದ ಮುಕ್ಕಾಲು ಭಾಗ ಖಾಲಿ.

“ಈ ಕೆಲಸವನ್ನು ನಾನು ಒಬ್ಬಳೇ ಮಾಡಿದೆ. ನಿಲ್ದಾಣಗಳಲ್ಲಿ ಬರೆದುಕೊಳ್ಳುತ್ತಾ ನಿಂತಾಗ ಕೆಲವರು ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟರು. ಒಬ್ಬರು ತಮ್ಮ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಅವರ ಹೆಸರು ನನಗೆ ಗೊತ್ತಿಲ್ಲ. ಅವರ ಬಸ್ಸು ಬಂದಾಗ ಅವರು ಹೋದರು. ಅವರಿಗೆ.”

ಮೇಷ್ಟ್ರು ಓದಿ, ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. “ಮಾರ್ಗದರ್ಶಕರ ಹೆಸರೇ ಇಲ್ಲವಲ್ಲಮ್ಮ? ಎಲ್ಲರೂ ಮೊದಲ ಸಾಲಲ್ಲೇ ಹಾಕ್ತಾರೆ.”

“ಹಾಕ್ತೀನಿ ಸರ್.” ಅವಳು ಪೆನ್ನು ತೆಗೆದಳು. “ಏನು ಮಾಡಿದ್ರಿ ಅಂತ ಬರೀಲಿ?”

ಇದರಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಅವಳಿಗೆ ಮೂಲ ಬೇಕಿತ್ತು, ಪುಟ ಸಂಖ್ಯೆ ಬೇಕಿತ್ತು. ಮೇಷ್ಟ್ರು ಹಾಳೆಯನ್ನು ಮತ್ತೆ ಮುಂಬದಿಗೆ ತಿರುಗಿಸಿದರು. ಎರಡು ವರ್ಷದಲ್ಲಿ ಅವಳ ಜೊತೆ ಕೂತು ಮಾತಾಡಿದ್ದು ಯಾವಾಗ ಎಂದು ಹುಡುಕುತ್ತಿದ್ದರೇನೋ. ಕನ್ನಡಕವನ್ನು ಹಣೆಗೇರಿಸಿದರು.

“ಬೇಡ ಬಿಡು. ಹೀಗೇ ಇರ್ಲಿ,” ಎಂದು ಸಹಿ ಹಾಕಿ, ನನ್ನ ಮುಖ ನೋಡದೆ ಹೊರಟುಹೋದರು.

ನಿಜ ಹೇಳಬೇಕೆಂದರೆ ನಾನೂ ಆ ಸಾಲುಗಳಲ್ಲಿ ಒಮ್ಮೆ ಕಣ್ಣಾಡಿಸಿದ್ದೆ, ಗ್ರಂಥಾಲಯದ ಮೇಡಂ ಎಂದು ಎಲ್ಲಾದರೂ ಇದೆಯೇ ಎಂದು. ಇರಲಿಲ್ಲ. ಯಾಕಿರಬೇಕು? ನಾನು ಎಂದಾದರೂ ಅವಳನ್ನು ಕರೆದು ಎದುರಿನ ಖಾಲಿ ಬೆಂಚಿನಲ್ಲಿ ಕೂರಿಸಿ, ಉಂಡೆಯಾ ಎಂದು ಕೇಳಿದ್ದೆನೇ?

ಹೊಸ ಪುಟ ಸೇರಿಸಿ ಪ್ರಬಂಧವನ್ನು ಮತ್ತೆ ಪರೀಕ್ಷೆಗೆ ಹಾಕಿದೆ. ಈ ಸಲ ಚೌಕದಲ್ಲಿ ಗುರುತು ಹಾಕಲು ಹೋದಾಗ ಅವಳೇ ತಡೆದಳು.

“ಅದನ್ನೂ ನೋಡ್ಲಿ ಮೇಡಂ.”

“ಬೇಕಾಗಿಲ್ಲ ಕಣೆ. ಸಹಿ ಆಯ್ತಲ್ಲ.”

“ಆದ್ರೂ ನೋಡ್ಲಿ.”

ನೋಡಲಿ ಎಂದು ಬಿಟ್ಟೆ. ಅವಳು ಕೂರಲಿಲ್ಲ. ನನ್ನ ಕುರ್ಚಿಯ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದಳು. ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಪುಟಗಳು ಒಂದೊಂದಾಗಿ ಸರಿದು ಹೋದವು, ಎಲ್ಲೂ ಕೆಂಪಿಲ್ಲ. ಕೃತಜ್ಞತೆಯ ಪುಟ ಅಚ್ಚ ಬಿಳಿಯಾಗಿ ನಿಂತಿತು.

“ಯಾರದ್ದೂ ಸಿಗ್ಲಿಲ್ವಾ?”

“ಇಲ್ಲಮ್ಮ. ಪೂರಾ ನಿಂದೇ. ಇನ್ನು ಯಾರ ಹೆದರಿಕೇನೂ ಇಲ್ಲ.”

“ಒಂದು ಸಾಲೂ ಇಲ್ವಾ? ಎಲ್ಲಾದರೂ, ಬೇರೆ ಭಾಷೆಯಲ್ಲಿ, ಬೇರೆ ದೇಶದಲ್ಲಿ?”

ಆಗ ನನಗೆ ತಿಳಿಯಿತು, ಅವಳು ಸಿಕ್ಕಿಬೀಳುವ ಭಯಕ್ಕೆ ನಿಂತಿರಲಿಲ್ಲ. ತನ್ನಂತೆಯೇ ಬರೆದ ಇನ್ನೊಬ್ಬಳು ಎಲ್ಲಾದರೂ ಇದ್ದಾಳೆಯೇ ಎಂದು ಕಾಯುತ್ತಿದ್ದಳು.

“ಇನ್ನೊಂದ್ಸಲ ಹಾಕಿ ನೋಡ್ಲಾ?” ಎಂದೆ.

ಅವಳು ಹೂಂ ಎಂದು ತಲೆಯಾಡಿಸಿದಳು. ನಾನು ಕುರ್ಚಿ ಎಳೆದುಕೊಟ್ಟೆ. ಅವಳು ಕೂತಳು. ನಾನು ಮತ್ತೆ ಗುಂಡಿ ಒತ್ತಿದೆ.