ಇಬ್ಬರ ಮಾತ್ರೆ

೨೦೦೩ನೇ ಇಸವಿ ಜುಲೈ ಆರು, ಭಾನುವಾರ. ಡಬ್ಬಿಯಲ್ಲಿ ನಲವತ್ತೊಂಬತ್ತು ಮಾತ್ರೆಗಳಿದ್ದವು. ತೆಯೊಪಿಸ್ತಾ ಮತ್ತೊಮ್ಮೆ ಎಣಿಸಿದಳು, ನಲವತ್ತೊಂಬತ್ತೇ. ಬಂದದ್ದು ತೊಂಬತ್ತು, ಕಳೆದ ಸಂಜೆಗಳು ನಲವತ್ತೊಂದು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಾಗಿದ್ದ ಮೇಲೆ ಹುಡುಗಿ ಎರಡು ಸಲ ನೆಲಕ್ಕುರುಳಿ ನೊರೆ ಕಾರಿದ್ದು ಹೇಗೆ?

ಮೂರನೆಯ ಸಲ ಬಿದ್ದರೆ ಬಾಬಿರ್ಯೆಯನ್ನು ಮನೆಗೆ ಕಳಿಸುವುದೆಂದು ಮುಖ್ಯೋಪಾಧ್ಯಾಯಿನಿ ಹೇಳಿಬಿಟ್ಟಿದ್ದರು. ಹದಿಮೂರು ವರ್ಷದ ಹುಡುಗಿ. ಮನೆಗೆ ಹೋದರೆ ಓದು ಮುಗಿದಂತೆಯೇ. ಮಸಾಕ ಪಟ್ಟಣದ ಆಚೆಯ ಆ ವಸತಿಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ದಾದಿಯಾಗಿದ್ದ ತೆಯೊಪಿಸ್ತಾಗೆ ತನ್ನ ಕೈಯ ಮೇಲೆ ಎಂದೂ ಅನುಮಾನ ಬಂದಿರಲಿಲ್ಲ. ಈಗಲೂ ಬರಲಿಲ್ಲ. ತಪ್ಪು ಬೇರೆಲ್ಲೋ ಇತ್ತು; ಹಿಡಿಯುವುದಷ್ಟೇ ಬಾಕಿ.

ಅಂದು ತಂದೆತಾಯಿಗಳು ಬರುವ ಭಾನುವಾರ. ಅಂಗಳದ ತುಂಬ ಬಾಳೆಲೆಯ ಪೊಟ್ಟಣಗಳು ಬಿಚ್ಚಿಕೊಳ್ಳುತ್ತಿದ್ದವು. ಬೆಂದ ಬಾಳೆಕಾಯಿಯ ಮುದ್ದೆ, ಮಟೋಕೆಯ ಮೇಲೆ ಕಡಲೆಕಾಯಿ ಸಾರು ಬೀಳುತ್ತಿತ್ತು. ತೆಯೊಪಿಸ್ತಾಳನ್ನು ನೋಡಲು ಬರುವವರು ಯಾರೂ ಇರಲಿಲ್ಲ. ಕೆಲಸಕ್ಕೆ ಅದೇ ಅನುಕೂಲವೆಂದು ಅವಳು ತಿಳಿದಿದ್ದಳು.

ಬಾಬಿರ್ಯೆಯ ತಂದೆ ತಾಯಿ ಮದ್ದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಅವಳಿಗಳ ಅಪ್ಪನಾದ್ದರಿಂದ ಆತ ಊರಿಗೆಲ್ಲ ಸಲೋಂಗೊ. ಅಮ್ಮನಾದ್ದರಿಂದ ಆಕೆ ನಲೋಂಗೊ. ಸ್ವಂತ ಹೆಸರುಗಳನ್ನು ಯಾರೂ ಕೇಳುತ್ತಿರಲಿಲ್ಲ.

"ಏನ್ ಮುಸಾವೊ," ಎಂದ ಸಲೋಂಗೊ, ಕೂರದೆಯೇ. ಮದ್ದು ಕೊಡುವವರನ್ನು ಅಲ್ಲಿ ಕರೆಯುವುದೇ ಹಾಗೆ. "ಒಂದು ಮಗೂಗೆ ಮಾತ್ರೆ, ಇನ್ನೊಂದಕ್ಕೆ ಬರೀ ಕೈ. ಯಾವ ಸೀಮೆ ನ್ಯಾಯ ಇದು?"

"ಕಾಯಿಲೆ ಇರೋದು ಒಬ್ಬಳಿಗೆ, ಸಲೋಂಗೊ."

"ಹುಟ್ಟಿದ್ದು ಇಬ್ಬರು. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ತಪ್ಪಿಸಿದ್ರೆ ಅವಳಿ ಮುನಿಸ್ಕೊಳ್ತವೆ. ಅದಕ್ಕೇ ಬೀಳ್ತಿರೋದು ಅವಳು. ಕೊಟ್ರೆ ಇಬ್ಬರಿಗೂ ಕೊಡಿ. ಇಲ್ಲ, ಇಬ್ಬರಿಗೂ ಬೇಡ."

"ಚಿಕ್ಕವಳು ನಾಕಾತೊಗೆ ಏನಾಗಿದೆ? ಸುಮ್ಮನೆ ತಿಂದ್ರೆ ಪಾಠದಲ್ಲಿ ತೂಕಡಿಸ್ತಾ ಕೂರ್ತಾಳೆ."

"ಇವರ ಮಾತು ಕೇಳ್ಬೇಡಿ ಮುಸಾವೊ," ಎಂದಳು ನಲೋಂಗೊ. "ದೊಡ್ಡವಳಿಗೆ ಕೊಡಿ, ನಿಲ್ಲಿಸ್ಬೇಡಿ. ಹೆತ್ತೋಳು ನಾನು."

"ಹೆತ್ತೋಳು ನೀನು. ಮುನಿಸು ತಟ್ಟೋದು ನನ್ನ ಮನೆಗೆ."

"ಆಹಾ! ಹೋದ ಹಬ್ಬಕ್ಕೆ ಒಂದೇ ಕೋಳಿ ತಂದ್ರಲ್ಲ, ಆಗೆಲ್ಲಿತ್ತು ಈ ನ್ಯಾಯ?"

"ಸೀಳಿ ಸಮ ಮಾಡ್ಲಿಲ್ವೇನೆ? ಮಕ್ಕಳೂ ಈಗ ಹಾಗೇ ಮಾಡ್ತಿದಾವೆ." ಆತ ಥಟ್ಟನೆ ಬಾಯಿ ಮುಚ್ಚಿದ.

"ಏನನ್ನ?" ಎಂದಳು ತೆಯೊಪಿಸ್ತಾ.

"ಮಾತ್ರೇನ." ಆತ ಗೋಡೆಯತ್ತ ನೋಡಿದ. "ದವಡೇಲಿ ಇಟ್ಕೊಂಡು ಹೋಗಿ, ಹಾಸಿಗೆ ಮೇಲೆ ಕೂತು ಕಚ್ಚಿ ಎರಡು ಮಾಡ್ತಾವಂತೆ. ಈಗಷ್ಟೇ ಹೇಳಿದ್ವು. ಮಕ್ಕಳಿಗಿರೋ ಬುದ್ಧಿ ಶಾಲೆಗಿಲ್ಲ."

ನಲೋಂಗೊ ತಲೆಯ ಮೇಲೆ ಕೈ ಹೊತ್ತಳು. ತೆಯೊಪಿಸ್ತಾಗೆ ಸಿಟ್ಟು ಬರಲಿಲ್ಲ, ಸಮಾಧಾನವೇ ಆಯಿತು. ಅರ್ಧಕ್ಕೆ ಅರ್ಧ ಸೇರಿ ಒಂದಾಗಿದ್ದುದು ಅವಳ ಲೆಕ್ಕದ ಪುಸ್ತಕದಲ್ಲಿ ಮಾತ್ರ. ಎರಡು ಮೈಗಳಲ್ಲಿ ಅದು ಅರ್ಧವಾಗಿಯೇ ಉಳಿದಿತ್ತು. ತಪ್ಪು ಸಿಕ್ಕಿತು. ಸಿಕ್ಕ ತಪ್ಪನ್ನು ತಿದ್ದುವುದು ಅವಳಿಗೆ ಗೊತ್ತಿತ್ತು.

"ಸರಿ. ಇವತ್ತಿನಿಂದ ಇಬ್ಬರಿಗೂ. ಒಂದೊಂದು ಪೂರ್ತಿ. ನನ್ನೆದುರಿಗೇ ನುಂಗ್ಬೇಕು."

ಸಲೋಂಗೊನ ಮುಖ ಅರಳಿತು. ಗೆದ್ದವನಂತೆ ಅಂಗಳಕ್ಕಿಳಿದ. ನಲೋಂಗೊ ಹಿಂದೆಯೇ ಉಳಿದಳು.

"ಚಿಕ್ಕವಳಿಗೆ ಕೊಡೋದು ವಿಟಮಿನ್," ಎಂದಳು ತೆಯೊಪಿಸ್ತಾ, ದನಿ ತಗ್ಗಿಸಿ. "ಅದೂ ಬಿಳೀದೇ, ಇಷ್ಟೇ ಅಗಲ."

"ಗಟ್ಟಿಗಿತ್ತಿ ಕಣ್ರೀ ನೀವು! ಬನ್ನಿ, ನಮ್ಮ ಜೊತೆ ಎರಡು ತುತ್ತು ತಿನ್ನಿ."

"ನನ್ನ ಊಟ ಆಗಿದೆ."

ಆಗಿರಲಿಲ್ಲ.

ಐದೂವರೆಗೆ ಗಂಟೆ ಹೊಡೆಯಿತು. ಬಂದವರೆಲ್ಲ ಹೊರಟುಹೋಗಿದ್ದರು. ತೆಯೊಪಿಸ್ತಾ ಎರಡು ಮುಚ್ಚಳಗಳನ್ನು ಮೇಜಿನ ಮೇಲಿಟ್ಟಳು: ಎಡದ್ದರಲ್ಲಿ ಮೂರ್ಛೆಯ ಮಾತ್ರೆ, ಬಲದ್ದರಲ್ಲಿ ವಿಟಮಿನ್. ಒಂದೇ ಏರ್ಪಾಟಿನಲ್ಲಿ ಅಪ್ಪ, ಅಮ್ಮ, ಕಾಯಿಲೆ ಮೂವರಿಗೂ ಉತ್ತರವಿತ್ತು. ಅವಳಿಗೆ ತನ್ನ ಮೇಲೆ ಮೆಚ್ಚುಗೆಯಾಯಿತು.

ಹುಡುಗಿಯರು ಬಂದು ಪಕ್ಕಪಕ್ಕದಲ್ಲಿ ನಿಂತರು. ಅಪ್ಪ ತಂದ ಹಳದಿ ಫ್ರಾಕು ಇಬ್ಬರ ಮೈಮೇಲೂ ಇತ್ತು. ಅದೇ ಹಣೆ, ಅದೇ ಮೊಣಕಾಲು.

ಇಷ್ಟು ದಿನ ಮದ್ದಿನ ಸಾಲಿನಲ್ಲಿ ಬರುತ್ತಿದ್ದವಳು ಒಬ್ಬಳೇ, ಬಂದವಳೇ ಬಾಬಿರ್ಯೆ. ಗುರುತು ಹಿಡಿಯುವ ಪ್ರಮೇಯವೇ ಬಿದ್ದಿರಲಿಲ್ಲ. ತೆಯೊಪಿಸ್ತಾ ನೋಡುತ್ತಿದ್ದುದು ಚಾಚಿದ ಅಂಗೈಯನ್ನಷ್ಟೇ.

ಹೆಸರು ಕೇಳಿದರೆ ಮುಗಿಯುತ್ತಿತ್ತು. ಕೇಳಬೇಕೆಂದುಕೊಂಡಳು. ನಲವತ್ತೊಂದು ಸಂಜೆ ಮಾತ್ರೆ ಕೊಟ್ಟವಳು ಈಗ ಹೆಸರು ಕೇಳುವುದೇ?

"ಬಾ," ಎಂದಳು, ಯಾರಿಗೆಂದು ಹೇಳದೆ.

ಒಬ್ಬಳು ಮುಂದೆ ಬಂದಳು. ದೊಡ್ಡವಳೇ ಮೊದಲು ಬರುವುದು ಸಹಜ. ತೆಯೊಪಿಸ್ತಾ ಎಡ ಮುಚ್ಚಳವನ್ನು ಅವಳ ಅಂಗೈಗೆ ಬಗ್ಗಿಸಿದಳು, ಬಲದ್ದನ್ನು ಇನ್ನೊಬ್ಬಳಿಗೆ. ಇಬ್ಬರೂ ನೀರು ಕುಡಿದರು.

"ಇವತ್ತು ಕಹೀನೇ ಇಲ್ಲ, ಮುಸಾವೊ," ಎಂದು ಎರಡನೆಯವಳು ನಕ್ಕಳು.

ಅರ್ಧರ್ಧ ತಿಂದಿದ್ದ ಇಬ್ಬರಿಗೂ ಆ ಕಹಿ ಗೊತ್ತಿತ್ತು; ಹಾಗೆಂದವಳು ಯಾರೆಂದು ಮಾತಿನಿಂದ ತಿಳಿಯುವಂತಿರಲಿಲ್ಲ.

"ಬಾಯಿ ತೆಗೀರಿ."

ಟಾರ್ಚು ಹಚ್ಚಿದಳು. ದವಡೆಯಲ್ಲಿ ಏನೂ ಇರಲಿಲ್ಲ, ನಾಲಿಗೆಯ ಅಡಿಯಲ್ಲೂ ಇರಲಿಲ್ಲ. ಅವಳು ಹೇಳುವವರೆಗೆ ಅವರು ಬಾಯಿ ಮುಚ್ಚುವಂತಿರಲಿಲ್ಲ, ಅವಳು ಹೇಳಲಿಲ್ಲ. ಬೆಳಕು ಒಂದು ಬಾಯಿಯಿಂದ ಇನ್ನೊಂದಕ್ಕೆ ಹೋಯಿತು, ಮತ್ತೆ ಮೊದಲಿನದಕ್ಕೆ ಬಂತು. ಎರಡೂ ಕೆಂಪಗಿದ್ದವು, ಎರಡೂ ಒದ್ದೆಯಾಗಿದ್ದವು, ಎರಡೂ ಖಾಲಿಯಾಗಿದ್ದವು.